ಎತ್ತರದ ಭಯ ಇದ್ದವರು ಸ್ಕೂಬಾ ಕಲಿಯುವಾಗ

ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಸ್ಕೂಬಾಗೆ (ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿಕೊಂಡು ನೀರೊಳಗೆ ಇಳಿಯುವುದಕ್ಕೆ) ಹೋಗುವ ಆಸೆ ಇದೆ, ಆದರೆ ಎತ್ತರ ಅಂದ್ರೆ ಕಾಲು ನಡುಗುತ್ತೆ ಅನ್ನುವವರಿಗೆ ಇದು. ನೀರು ತಿಳಿಯಾಗಿರುವ ದಿನವೇ ಈ ಭಯ ಜಾಸ್ತಿ. ಮೇಲೆ ತೇಲುತ್ತಾ ಬಗ್ಗಿ ನೋಡಿದರೆ ಕೆಳಗಿನ ಬಂಡೆಗಳೆಲ್ಲ ಕಾಣುತ್ತವೆ, ಮಹಡಿ ಅಂಚಿನಿಂದ ನೋಡಿದ ಹಾಗೆ ಎದೆ ಝಲ್ ಅನ್ನುತ್ತದೆ. ಆದರೆ ಅಲ್ಲಿ ದಬ್ಬಂತ ಬೀಳುವುದಿಲ್ಲ. ನೀವು ತೊಟ್ಟ ಗಾಳಿ ತುಂಬುವ ಜಾಕೆಟ್ಟಿನಲ್ಲಿ ಗಾಳಿ ಇರುವವರೆಗೂ ತೇಲುತ್ತೀರಿ, ಆ ಗಾಳಿಯನ್ನು ಸ್ವಲ್ಪ ಸ್ವಲ್ಪವೇ ಬಿಟ್ಟರೆ ನಿಧಾನಕ್ಕೆ ಇಳಿಯುತ್ತೀರಿ.

ದೋಣಿ ಹತ್ತುವ ಮೊದಲೇ ಇನ್‌ಸ್ಟ್ರಕ್ಟರ್‌ಗೆ ಹೇಳಿಬಿಡಿ, ಸಂಕೋಚ ಬೇಡ. ಅಂಚಿನಲ್ಲಿ ನಿಂತು ಹಾರುವ ಬದಲು ಕೂತು ಹಿಂದಕ್ಕೆ ಉರುಳುವ ಬ್ಯಾಕ್ ರೋಲ್ ಆಗುತ್ತಾ ಕೇಳಿ. ಇಳಿಯುವಾಗ ಆಂಕರ್ ಹಗ್ಗ ಹಿಡಿದು, ಕಾಲು ಕೆಳಗಿರಲಿ, ಕಣ್ಣು ಹಗ್ಗದ ಮೇಲೇ ಇರಲಿ, ಅದಕ್ಕೆ ಅಂಟಿದ ಪಾಚಿ ನೋಡುತ್ತಾ ಒಂದೊಂದೇ ಗೇಣು ಇಳಿಯಿರಿ. ಕಿವಿ ನೋಯುವ ಮೊದಲೇ ಮೂಗು ಹಿಡಿದು ಮೆಲ್ಲಗೆ ಊದಿ, ಮತ್ತೆ ಮತ್ತೆ.

ಹೆದರಿಕೆಯಾದಾಗ ಉಸಿರು ಬಿಗಿ ಹಿಡಿಯಬೇಡಿ. ದಯವಿಟ್ಟು, ಅದೊಂದು ಮಾತ್ರ ಬೇಡ. ಉಸಿರು ಕಟ್ಟಿ ಮೇಲೆ ಬಂದರೆ ಶ್ವಾಸಕೋಶದ ಗಾಳಿ ಹಿಗ್ಗಿ ಅಪಾಯವಾಗುತ್ತದೆ. ಅಲ್ಲೇ ನಿಂತು ಉದ್ದಕ್ಕೆ ಉಸಿರು ಬಿಡಿ. ಆಗಲೂ ಆಗದಿದ್ದರೆ ಹೆಬ್ಬೆರಳು ಮೇಲೆ ತೋರಿಸಿ, ಇನ್‌ಸ್ಟ್ರಕ್ಟರ್ ಜೊತೆಗೇ ಮೇಲೆ ಬನ್ನಿ.