ಘಾತಾಂಕಕ್ಕೆ ಒಂದನ್ನು ಏಕೆ ಕೂಡಿಸಬೇಕು: ಭಾಜಕಗಳನ್ನು ಎಣಿಸಿದ ನನ್ನ ಅನುಭವ

ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಮನೆಯಲ್ಲಿ ಸಂಜೆಯ ಹೊತ್ತು ನೆರೆಹೊರೆಯ ಕನ್ನಡ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಒಮ್ಮೆ 360ರ ಭಾಜಕಗಳೆಷ್ಟು, ಅಂದರೆ ಅದನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳೆಷ್ಟು ಎಂಬ ಪ್ರಶ್ನೆ ಬಂದಾಗ 1 ಮತ್ತು 360, 2 ಮತ್ತು 180, 3 ಮತ್ತು 120 ಎಂದು ಜೋಡಿ ಜೋಡಿಯಾಗಿ ಬರೆಯುತ್ತ ಹೋಗಿ, ಕೊನೆಗೆ 22 ಎಂದು ಎಣಿಸಿದೆ. 8 ಮತ್ತು 45ರ ಜೋಡಿ ಕೈತಪ್ಪಿತ್ತು. ಸಂಖ್ಯೆಯನ್ನು 2³ × 3² × 5 ಎಂದು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧವಾಗಿ ಬರೆದು, ಅವುಗಳ ಘಾತಾಂಕಗಳಿಗೆ (ಇಲ್ಲಿ 3, 2, 1) ಒಂದೊಂದು ಕೂಡಿಸಿ ಗುಣಿಸುವ ಸೂತ್ರದಿಂದ 24 ಬಂದಾಗಲೇ ಅದು ತಿಳಿದದ್ದು. ಆದರೆ ಆ ಒಂದನ್ನು ಏಕೆ ಕೂಡಿಸಬೇಕೆಂದು ಒಬ್ಬ ಹುಡುಗಿ ಕೇಳಿದಾಗ, ಒಪ್ಪುವಂಥ ಉತ್ತರ ನನ್ನಲ್ಲಿರಲಿಲ್ಲ.

ಮರಾಠಿ ಮಾಧ್ಯಮದಲ್ಲಿ ಓದುವ ಈ ಮಕ್ಕಳು ಅವಿಭಾಜ್ಯ ಸಂಖ್ಯೆಯನ್ನು ‘ಮೂಳ ಸಂಖ್ಯಾ’ ಎನ್ನುತ್ತಾರೆ. ಆ ಹೆಸರು ನನಗೆ ಬಹಳ ಹಿಡಿಸಿತು, ಏಕೆಂದರೆ ಎಣಿಕೆಯೆಲ್ಲ ಹೊರಡುವುದು ಆ ಮೂಲದಿಂದಲೇ. ಮರುದಿನ 72ನ್ನು ತೆಗೆದುಕೊಂಡೆ. ಅದು 2³ × 3². ಚೌಕುಳಿ ಪುಸ್ತಕದಲ್ಲಿ ಎಡಬದಿಗೆ ಮೇಲಿನಿಂದ ಕೆಳಕ್ಕೆ 1, 2, 4, 8 ಎಂದೂ, ಮೇಲ್ಗಡೆ ಅಡ್ಡಲಾಗಿ 1, 3, 9 ಎಂದೂ ಬರೆಸಿ, ಪ್ರತಿ ಮನೆಯಲ್ಲಿ ಆಯಾ ಸಾಲು ಮತ್ತು ಕಂಬದ ಗುಣಲಬ್ಧವನ್ನು ತುಂಬಿಸಿದೆ. ಮೊದಲ ಸಾಲಿನಲ್ಲಿ 1, 3, 9. ಎರಡನೆಯದರಲ್ಲಿ 2, 6, 18. ಅನಂತರ 4, 12, 36. ಕೊನೆಗೆ 8, 24, 72. ಒಟ್ಟು ಹನ್ನೆರಡು ಮನೆ, ಹನ್ನೆರಡು ಭಾಜಕ.

ಎಡಬದಿಯ ಆ 1 ಎಂದರೆ 2ನ್ನು ಒಮ್ಮೆಯೂ ಬಳಸದಿರುವುದು. 2ನ್ನು ಸೊನ್ನೆ, ಒಂದು, ಎರಡು ಅಥವಾ ಮೂರು ಸಲ ಬಳಸಬಹುದಾದ್ದರಿಂದ ಆಯ್ಕೆಗಳು ನಾಲ್ಕು. ಅದೇ ರೀತಿ 3ಕ್ಕೆ ಮೂರು. ಕೂಡಿಸುವ ಒಂದು ಈ ‘ಬಳಸದಿರುವ’ ಆಯ್ಕೆಯೇ ಹೊರತು ಬೇರೇನೂ ಅಲ್ಲ. ಅದನ್ನು ಮರೆತು ಘಾತಾಂಕಗಳನ್ನಷ್ಟೇ ಗುಣಿಸಿದವರಿಗೆ 6 ಸಿಗುತ್ತದೆ. 1, 3, 9ರ ಇಡೀ ಸಾಲೂ 1, 2, 4, 8ರ ಇಡೀ ಕಂಬವೂ ಅಳಿಸಿಹೋಗಿರುತ್ತವೆ. ಒಂದು ಸಂಖ್ಯೆಯ ಅವಿಭಾಜ್ಯ ಅಪವರ್ತನೆ ಒಂದೇ ಬಗೆಯದಾದ್ದರಿಂದ ಎರಡು ಮನೆಗಳಲ್ಲಿ ಒಂದೇ ಸಂಖ್ಯೆ ಬೀಳುವ ಭಯವೂ ಇಲ್ಲ.

360 ಎಂದರೆ 72 × 5. ಇದೇ ಕೋಷ್ಟಕವನ್ನು 5ರಿಂದ ಗುಣಿಸಿ ಇನ್ನೊಂದನ್ನು ಪಕ್ಕದಲ್ಲಿ ಬರೆದೆವು. ನಾನು ಬಿಟ್ಟಿದ್ದ 8 ಮೊದಲನೆಯದರಲ್ಲಿ, 45 ಎರಡನೆಯದರಲ್ಲಿ ತಮ್ಮ ತಮ್ಮ ಜಾಗದಲ್ಲಿ ಕುಳಿತಿದ್ದವು. 360ಕ್ಕಿಂತ ಚಿಕ್ಕದಾದ ಯಾವ ಸಂಖ್ಯೆಗೂ 24 ಭಾಜಕಗಳಿಲ್ಲ. ಹೀಗೆ ತನಗಿಂತ ಚಿಕ್ಕವೆಲ್ಲವನ್ನೂ ಭಾಜಕಗಳ ಎಣಿಕೆಯಲ್ಲಿ ಮೀರಿಸುವ ಸಂಖ್ಯೆಗಳ ಕುರಿತೇ ಶ್ರೀನಿವಾಸ ರಾಮಾನುಜನ್ 1915ರಲ್ಲಿ ದೀರ್ಘವಾದ ಪ್ರಬಂಧವೊಂದನ್ನು ಪ್ರಕಟಿಸಿದರು.

ಅದೇ ಹುಡುಗಿ ಮುಂದಿನ ವಾರ ಪ್ರಶ್ನೆಯನ್ನು ತಿರುಗಿಸಿ, ಸರಿಯಾಗಿ ಹತ್ತು ಭಾಜಕಗಳಿರುವ ಅತಿ ಚಿಕ್ಕ ಸಂಖ್ಯೆ ಯಾವುದೆಂದು ಕೇಳಿದಳು. ಹತ್ತನ್ನು ಒಂದೇ ಗುಂಪಾಗಿ ಇಟ್ಟರೆ 2⁹, ಅಂದರೆ 512. ಐದು ಮತ್ತು ಎರಡರ ಗುಣಲಬ್ಧವಾಗಿ ಒಡೆದರೆ ಘಾತಾಂಕಗಳು 4 ಮತ್ತು 1, ಅಂದರೆ 2⁴ × 3. ನಾನು ಬಾಯಿ ತೆರೆಯುವ ಮೊದಲೇ ಅವಳು ಪುಸ್ತಕದಲ್ಲಿ ಐದು ಸಾಲು, ಎರಡು ಕಂಬ ಎಳೆದು, ಕೊನೆಯ ಮನೆಯಲ್ಲಿ 48 ಎಂದು ಬರೆದಿದ್ದಳು.