ರಾಗಿ ಗಂಜಿ ತೆಳ್ಳಗಿರಲಿ, ಹಿಟ್ಟು ಕಮ್ಮಿಯಾಗದಿರಲಿ: ನನ್ನ ಅನುಭವ

ಮೂರ್ನಾಲ್ಕು ವರ್ಷದ ಮಕ್ಕಳಿಗೆ ಗಂಜಿ ಕೊಡುವವರೆಲ್ಲ ಸಿಕ್ಕಿಬೀಳುವುದು ಒಂದೇ ಕಡೆ. ಗಟ್ಟಿಯಾದರೆ ಮಗು ಉಗುಳುತ್ತೆ, ನೀರು ಬೆರೆಸಿದರೆ ಹೊಟ್ಟೆ ತುಂಬುತ್ತೆ, ಸತ್ವ ಸೇರಲ್ಲ. ಲೋಟಕ್ಕೆ 20 ಗ್ರಾಂ ಹಿಟ್ಟು ಹಾಕಿದರೆ ಹೆಚ್ಚೂಕಮ್ಮಿ 70 ಕ್ಯಾಲರಿ, ಅಷ್ಟೇ. ಅದೇ ಲೋಟಕ್ಕೆ 50 ಗ್ರಾಂ ಹಿಡಿಸಿ, ಕುಡಿಯುವ ಹದದಲ್ಲೇ ಇಟ್ಟಿದ್ದೇನೆ. ‘ಮೊಳಕೆ ರಾಗಿ ಶೀತ’ ಅಂದವರ ಮನೆಯಲ್ಲೂ ಈಗ ಇದೇ ಗಂಜಿ.

ಹುರಿಹಿಟ್ಟು ಮಾಡುವುದು ಎಲ್ಲರಿಗೂ ಗೊತ್ತು. ನನ್ನ ಅಳತೆ: ಮೊಳಕೆ ರಾಗಿ 1 ಕೆಜಿ, ಹೆಸರುಕಾಳು ಕಾಲು ಕೆಜಿ, ಹುರಿಗಡಲೆ ಕಾಲು ಕೆಜಿ. ಗಂಜಿ ತೆಳ್ಳಗಾಗಿಸುವ ಕೆಲಸ ಇರುವುದು ಹುರಿಯದ ಪುಡಿಯಲ್ಲಿ. ಮೊಳಕೆ ರಾಗಿಯಲ್ಲಿ ಎರಡು ಹಿಡಿ ತೆಗೆದಿಟ್ಟು, ಬಿಸಿಲಲ್ಲೇ ಗಲಗಲ ಅನ್ನುವಷ್ಟು ಒಣಗಿಸಿ, ಬೇರು ಉಜ್ಜಿ ಉದುರಿಸಿ, ಮಿಕ್ಸಿಯಲ್ಲಿ ಬೇರೆಯೇ ಪುಡಿ ಮಾಡಬೇಕು. ಮೊದಲೆರಡು ಸಲ ಇದನ್ನೂ ಘಮ ಬರುವಷ್ಟು ಹುರಿದು ಕೆಡಿಸಿದ್ದೆ. ಪಿಷ್ಟ ಒಡೆದು ಗಂಜಿ ತೆಳ್ಳಗೆ ಮಾಡುವುದು ಮೊಳಕೆಯ ಕಿಣ್ವ (ಎಂಜೈಮ್), ಬಾಣಲೆ ಕಾವಿಗೆ ಅದು ಸತ್ತುಹೋಗುತ್ತೆ.

50 ಗ್ರಾಂ ಹುರಿಹಿಟ್ಟನ್ನು ಒಂದು ಲೋಟ ನೀರಲ್ಲಿ ಗಂಟಿಲ್ಲದೆ ಕದಡಿ, ಚಮಚ ನೆಟ್ಟಗೆ ನಿಲ್ಲುವಷ್ಟು ಬೇಯಿಸಿ ಇಳಿಸಿ. ಗುಳ್ಳೆ ನಿಂತು ಮೂರು ನಿಮಿಷವಾದ ಮೇಲೆ ಹುರಿಯದ ಆ ಹಸಿ ಪುಡಿ ಒಂದು ಟೀ ಚಮಚ ಹಾಕಿ ತಿರುವುತ್ತಿರಿ. ಐದಾರು ನಿಮಿಷದಲ್ಲಿ ಚಮಚ ವಾಲುತ್ತೆ, ಗಂಜಿ ಸೌಟಿನಿಂದ ಧಾರೆಯಾಗಿ ಇಳಿಯುತ್ತೆ. ಕುದಿಯುವಾಗ ಹಾಕಿದರೂ ಆಗಲ್ಲ, ಆರಿದ ಮೇಲೆ ಹಾಕಿದರೂ ಆಗಲ್ಲ. ತೆಳ್ಳಗಾದ ಮೇಲೆ ಮತ್ತೊಂದು ಕುದಿ ಬರಿಸಲೇಬೇಕು, ಹಸಿ ಪುಡಿಯಿಂದ ಮಕ್ಕಳ ಹೊಟ್ಟೆ ಕೆಡಬಾರದು. ಇಳಿಸುವಾಗ ಒಂದು ಟೀ ಚಮಚ ತುಪ್ಪ, ಇನ್ನೊಂದು 40 ಕ್ಯಾಲರಿ. ಜೊತೆಗೆ ಸೀಬೆಹಣ್ಣಿನ ಒಂದು ಹೋಳು ಕೊಟ್ಟರೆ ರಾಗಿಯ ಕಬ್ಬಿಣಾಂಶ ಮೈಗೆ ಹತ್ತುತ್ತೆ. ಟೀ ಮಾತ್ರ ಬೇಡವೇ ಬೇಡ.

ಮೊಳಕೆ ಕಟ್ಟುವಾಗ ಬೂಸ್ಟು ಹಿಡಿದು ಮೂರು ಕೆಜಿ ರಾಗಿ ಕಳೆದಿದ್ದೇನೆ. ಮೊಳಕೆಯ ಬೇರಿನ ಬಿಳಿ ನೂಲೂ ಬೂಸ್ಟಿನ ಹಾಗೇ ಕಾಣುತ್ತೆ. ಗುರುತಿಸಲು ನೀರು ಚಿಮುಕಿಸಿ: ಬೇರಿನ ನೂಲಾದರೆ ಬೇರಿಗೇ ಅಂಟಿಕೊಳ್ಳುತ್ತೆ. ಮುಗ್ಗಲು ವಾಸನೆ ಬಂದರೆ ಯೋಚಿಸದೆ ಚೆಲ್ಲಿ. ಕಟ್ಟುವ ಬಟ್ಟೆ ಹಿಂಡಿದರೆ ನೀರು ತೊಟ್ಟಿಕ್ಕಬಾರದು. ಮೊಳಕೆ ಬರಲು 24 ಗಂಟೆ, ಚಳಿಯಲ್ಲಿ 36. ಮಳೆಗಾಲದಲ್ಲಿ ಒಣಗಿಸುವ ಉಪಾಯ ಒಂದಿದೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಗಿರಣಿಯಲ್ಲಿ ಯಾರದೋ ಖಾರದಪುಡಿ ಆದಮೇಲೆ ಹಾಕಿಸಿ ಒಂದೂವರೆ ಕೆಜಿ ಹಿಟ್ಟು ದಂಡವಾಯಿತು. ರಾಗಿ ಬೀಸಿದ ಮೇಲೆಯೇ ಹಾಕಿಸಿ. ಕಡಲೆಬೀಜ ಸೇರಿಸಿದ ಹಿಟ್ಟು ಹದಿನೈದು ದಿನಕ್ಕೆ ಕಮಟು. ಅದನ್ನು ಅವತ್ತವತ್ತೇ ಕುಟ್ಟಿ ಹಾಕುವುದು ಮೇಲು.

ಮೇಲಿನ ಅಳತೆಗೆ ಖರ್ಚು ಗಿರಣಿ ಕೂಲಿ ಸೇರಿ 130 ರೂಪಾಯಿ ಆಸುಪಾಸು, ಕೈಗೆ ಬರುವುದು ಒಂದೂಕಾಲು ಕೆಜಿಗೆ ಸ್ವಲ್ಪ ಮೇಲೆ. ಅಂಗಡಿ ಪೊಟ್ಟಣದ ಅರ್ಧ ಕೆಜಿಗೇ ಇದಕ್ಕಿಂತ ಹೆಚ್ಚು ಕೊಟ್ಟಿದ್ದೇನೆ.

ಗಂಜಿಯಲ್ಲಿ ನುಗ್ಗೆಸೊಪ್ಪಿನ ಪುಡಿ ಅರ್ಧ ಚಮಚ ದಾಟಿದರೆ ಮಕ್ಕಳು ಮುಟ್ಟಲ್ಲ, ಅಕ್ಕಿರೊಟ್ಟಿಯಲ್ಲಾದರೆ ಗೊತ್ತೇ ಆಗಲ್ಲ. ಜೋಳದ ಮೊಳಕೆಯನ್ನು ಕೈಬಿಟ್ಟೆ: ಅದರ ಮೊಳಕೆ, ಬೇರಿನಲ್ಲಿ ಸೈನೈಡ್ ಹುಟ್ಟಿಸುವ ಅಂಶವಿದೆ, ಒಂದೊಂದನ್ನೂ ಉಜ್ಜಿ ತೆಗೆದ ಭರವಸೆಯಿಲ್ಲದೆ ಮಕ್ಕಳ ಬಾಯಿಗೆ ಇಡಲಾರೆ.