ಹೆಂಚು ಸರಿಯಾಗಿದೆ, ಹೆಸರು ಕುಗ್ಗಿದೆ

ಹಳೇ ಮನೆ ಸಾಮಾನು ಕೊಂಡು ಮಾರುವ ನಮಗೆಲ್ಲ ಸ್ವಿಟ್ಜರ್ಲೆಂಡಿನ ಪಾದ್ರಿಗಳ ಸಂಸ್ಥೆ ಬಾಸೆಲ್ ಮಿಷನ್ ಮಾಡುತ್ತಿದ್ದ ಹೆಂಚು ಗೊತ್ತು. ಅದರ ಮೇಲೆ ಇಂಗ್ಲಿಷಿನ ಹೆಸರಿನ ಜೊತೆ ಒತ್ತಿರುವ 1865 ಹೆಂಚು ಸುಟ್ಟ ವರ್ಷವಲ್ಲ, ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಶುರುವಾದ ವರ್ಷ. ಅದೂ ಗೊತ್ತಿತ್ತು. ಆದರೂ ಮೋಸ ಹೋದೆ.

ಮೂರು ವರ್ಷದ ಹಿಂದೆ, ತೀರ್ಥಹಳ್ಳಿ ಕಡೆ ಬಿಚ್ಚಿದ ಮನೆಯದು ಅಂತ 450 ಹೆಂಚು ತಂದೆ. ಒಂದಕ್ಕೆ 35 ರೂಪಾಯಿ, ಲಾರಿ ಬಾಡಿಗೆ ಬೇರೆ. ಹತ್ತಿರ ಹತ್ತಿರ 20,000 ಹೋಯಿತು. ಬೆಂಗಳೂರಿನ ಸಂಗ್ರಾಹಕರೊಬ್ಬರು ಹನ್ನೆರಡು ಆರಿಸಿ ಒಯ್ದವರು ವಾರದೊಳಗೆ ವಾಪಸು ತಂದರು. ‘ಹನ್ನೆರಡರಲ್ಲೂ ಬಿ ಅಕ್ಷರ ಒಂದೇ ಕಡೆ ಮುಕ್ಕಾಗಿದೆ, ನೋಡಿ’ ಅಂದರು. ನೋಡಿದೆ. ಎಳ್ಳುಕಾಳಿನಷ್ಟು ಮುಕ್ಕು. ಒಡೆದದ್ದಾದರೆ ಅಂಚು ಚೂಪಾಗಿರಬೇಕು, ಇದು ಸವೆದ ಸೋಪಿನ ಹಾಗೆ ನುಣ್ಣಗಿತ್ತು. ಯಾರೋ ಒಂದು ಹಳೇ ಹೆಂಚಿನ ಹೆಸರಿಗೆ ಅಚ್ಚು ತೆಗೆದು, ಹೊಸ ಹೆಂಚಿಗೆಲ್ಲ ಒತ್ತಿದ್ದರು.

ಅಲ್ಲಿಯವರೆಗೆ ನಾನು ಪಾಚಿ ಕಟ್ಟಿದ್ದರೆ ಹಳೇದು ಅಂತ ನಂಬುತ್ತಿದ್ದೆ. ಪರೀಕ್ಷೆಗೆ ಹೊಸ ಹೆಂಚಿಗೆ ಹುಳಿ ಮಜ್ಜಿಗೆ, ಸಗಣಿ ನೀರು ಬಳಿದು ಬಚ್ಚಲ ಹಿಂದೆ ಇಟ್ಟೆ. ನಮ್ಮ ಮಳೆಗೆ ದೀಪಾವಳಿ ಹೊತ್ತಿಗೆ ಅಜ್ಜನ ಕಾಲದ್ದಾಗಿಬಿಟ್ಟಿತು! ನೆನೆಸಿ ತೂಗಿದೆ, ತಟ್ಟಿ ಸದ್ದು ಕೇಳಿದೆ. ಯಾವುದೂ ಕೈಹಿಡಿಯಲಿಲ್ಲ.

ಕೈಹಿಡಿದದ್ದು ಅಳತೆ. ಮಣ್ಣು ಒಣಗುವಾಗ, ಸುಡುವಾಗ ಕುಗ್ಗುತ್ತದೆ ಅಲ್ವಾ? ಹೆಂಚಿನ ಅಚ್ಚನ್ನು ಅದಕ್ಕೆ ತಕ್ಕಂತೆ ದೊಡ್ಡದಾಗಿಯೇ ಮಾಡಿರುತ್ತಾರೆ. ಆದರೆ ಹೆಸರಿನ ಅಚ್ಚು ತೆಗೆದದ್ದು ಆಗಲೇ ಕುಗ್ಗಿದ ಹೆಂಚಿನಿಂದ. ಅದನ್ನು ಹೊಸ ಮಣ್ಣಿಗೆ ಒತ್ತಿ ಸುಟ್ಟಾಗ ಹೆಸರು ಇನ್ನೊಮ್ಮೆ ಕುಗ್ಗುತ್ತದೆ.

ಜೊತೆಯವನೊಬ್ಬ ‘ಎಂತ ಮಾರಾಯ, ಹಳೇ ಹೆಂಚೇ ಒಂದರ ಹಾಗೆ ಒಂದಿರಲ್ಲ’ ಅಂದ. ಅದೂ ನಿಜವೇ. ಅದಕ್ಕೆ ಅಜ್ಜನ ಮನೆಯ ಕೊಟ್ಟಿಗೆ ಹತ್ತಿ ಸುಮಾರು 60 ಹೆಂಚು ಇಳಿಸಿದೆ. ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಒಂದೊಂದರ ಹೆಸರೂ ತೆಗೆದೆ. ಒಂದೇ ಅಚ್ಚಿನವುಗಳಲ್ಲಿ ಎರಡು ಮೂರು ಮಿಲಿಮೀಟರ್ ಹೆಚ್ಚುಕಮ್ಮಿ, ಅಷ್ಟೇ. ನಕಲಿಯಲ್ಲಿ ಹದಿಮೂರು ಹದಿನಾಲ್ಕು ಕಡಿಮೆ. ಆಮೇಲೆ ಅವನೇ ಅಸಲಿ ನಕಲಿ ಇಪ್ಪತ್ತು ಹೆಂಚು ಬೆರೆಸಿ, ಉಜ್ಜಿದ ಕಾಗದ ಮಾತ್ರ ನನ್ನ ಕೈಗೆ ಕೊಟ್ಟ. ಹತ್ತೊಂಬತ್ತು ಸರಿಯಾಗಿ ಹೇಳಿದೆ. ಈಗ ಅವನೂ ಕಾಗದ ಉಜ್ಜಿ ನನಗೆ ಕಳಿಸುತ್ತಾನೆ. ಯಾವ ಅಕ್ಷರದಿಂದ ಯಾವ ಅಕ್ಷರಕ್ಕೆ ಅಳೆಯುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅಚ್ಚು ಮಾಡುವವರು ಅದನ್ನೇ ತಿದ್ದಿಕೊಳ್ಳುತ್ತಾರೆ. ಹೋದ ತಿಂಗಳು ಸಾಗರದಲ್ಲಿ 2,000 ಹೆಂಚಿನ ವ್ಯಾಪಾರ ಹತ್ತೇ ನಿಮಿಷಕ್ಕೆ ಬಿಟ್ಟು ಬಂದೆ. 70,000 ಉಳಿಯಿತು.

ಉಪ್ಪಿನಕಾಯಿ ಜಾಡಿಗೂ ಇದು ನಡೆಯುತ್ತದೆ, ಇನ್ನೂ ಸುಲಭ. ಇಡೀ ಜಾಡಿಗೇ ಅಚ್ಚು ತೆಗೆದಿದ್ದರೆ ಎತ್ತರ ಎರಡು ಬೆರಳು ಕಮ್ಮಿ ಬರುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ. ನೀರು ತುಂಬಿ ಅಳೆದರೆ ಕಾಲು ಭಾಗವೇ ಕಮ್ಮಿ. ನಮ್ಮಮ್ಮ ಅಪ್ಪೆಮಿಡಿ ಹಾಕುವ ಜಾಡಿ ಎಂಟು ಸೇರಿನದು. ಅದೇ ಹೆಸರು, ಅದೇ ಮುದ್ರೆಯ ಇನ್ನೊಂದು ಸಂತೆಯಲ್ಲಿ ಸಿಕ್ಕಿತು. ಆರು ಸೇರಿಗೇ ತುಳುಕಿತು.